ಸಂಪಾದಕರ ಉತ್ತರ: ಆಕಾಶದಲ್ಲಿ ಎರಡು ಗೆರೆ

ಹಾಸನದ ಓದುಗರೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ನಾವು ಹೊಗಳಿದ್ದ 1952ರ ‘ದಿಸ್ ಈಸ್ ಸಿನೆರಮಾ’ ಎಂಬ ಪ್ರವಾಸ ಚಿತ್ರವನ್ನು ಮಗನ ಮನೆಯ ಟಿವಿಯಲ್ಲಿ ನೋಡಿದರಂತೆ. ‘ಮೇಲಿಂದ ಕೆಳಗೆ ಎರಡು ಗೆರೆ. ಗೆರೆಯ ಈಚೆ ಆಕಾಶ ನೀಲಿ, ಆಚೆ ಬೂದು. ಕಥೆಯೂ ಇಲ್ಲ. ಇದರಲ್ಲಿ ನೋಡೋದೇನಿದೆ? ಅದಿರಲಿ, ಇದು 70 ಎಂಎಂ ಚಿತ್ರ ಅಂತ ನೀವು ಬರೆದದ್ದು ಸರಿಯೇ?’ ಎಂದು ಕೇಳಿದ್ದಾರೆ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕು, ಯಾಕಂದ್ರೆ ತಪ್ಪು ನಮ್ಮದೇ. ಅದು 70 ಎಂಎಂ ಅಲ್ಲ. ಮಾಮೂಲಿ 35 ಎಂಎಂ ರೀಲು, ಆದರೆ ಒಟ್ಟಿಗೆ ಮೂರು. ಆ ಪದ್ಧತಿಯ ಹೆಸರೇ ಸಿನೆರಮಾ. ಕ್ಯಾಮೆರಾಕ್ಕೆ ಮೂರು ಲೆನ್ಸು, ಥಿಯೇಟರಿನಲ್ಲಿ ಮೂರು ಪ್ರೊಜೆಕ್ಟರು. ಎಡಗಡೆಯದು ಪರದೆಯ ಬಲಭಾಗಕ್ಕೆ, ಬಲಗಡೆಯದು ಎಡಭಾಗಕ್ಕೆ ಬೆಳಕು ಬಿಡುತ್ತಿತ್ತು. ನಿಮಗೆ ಕಂಡ ಗೆರೆಗಳು ಈ ಮೂರು ಚಿತ್ರಗಳು ಕೂಡುವ ಜಾಗ. ಮೂರು ತುಂಡು ಬಟ್ಟೆ ಜೋಡಿಸಿದರೆ ಎರಡು ಕಡೆ ಹೊಲಿಗೆ ಬೀಳಲೇಬೇಕಲ್ವಾ? ಅದನ್ನು ಮರೆಸಲು ಪ್ರೊಜೆಕ್ಟರಿನೊಳಗೆ ರೀಲಿನ ಅಂಚಿಗೆ ಬಾಚಣಿಗೆಯಂಥ ಪುಟ್ಟ ಹಲ್ಲುಗಳನ್ನು ಇಟ್ಟಿದ್ದರು. ಅವು ಗಡಗಡ ಮೇಲೆ ಕೆಳಗೆ ಆಡುತ್ತಾ ಅಂಚನ್ನು ಮಸುಕು ಮಾಡುತ್ತಿದ್ದವು. ಆದರೂ ಗೆರೆ ಪೂರ್ತಿ ಹೋಗಲಿಲ್ಲ.

ಹಾಗಿದ್ದೂ ನ್ಯೂಯಾರ್ಕಿನಲ್ಲಿ ಆ ಚಿತ್ರ ಎರಡು ವರ್ಷಕ್ಕೂ ಹೆಚ್ಚು ಓಡಿತು. ಯಾಕೆ ಅಂತ ತಿಳಿಯಲು ಒಂದು ಕೆಲಸ ಮಾಡಿ. ನೇರ ಮುಂದೆ ನೋಡುತ್ತಾ ಎರಡೂ ಕೈ ಅಗಲಕ್ಕೆ ಚಾಚಿ, ಬೆರಳು ಅಲ್ಲಾಡಿಸಿ. ಬೆರಳು ಸರಿಯಾಗಿ ಕಾಣೋದಿಲ್ಲ, ಆದರೆ ಅಲ್ಲಿ ಏನೋ ಆಡುತ್ತಿದೆ ಅಂತ ಗೊತ್ತಾಗುತ್ತದೆ. ಸಿನೆರಮಾ ಕಂಡುಹಿಡಿದ ಫ್ರೆಡ್ ವಾಲರ್ ಹಿಡಿದದ್ದು ಇದನ್ನೇ. ಎರಡನೇ ಮಹಾಯುದ್ಧದಲ್ಲಿ ವಿಮಾನಕ್ಕೆ ಗುರಿಯಿಡುವವರ ತರಬೇತಿಗೆ ಐದು ಪ್ರೊಜೆಕ್ಟರಿನ ಯಂತ್ರ ಕಟ್ಟಿದ್ದ ಮನುಷ್ಯ. ಸಿನೆರಮಾ ಕ್ಯಾಮೆರಾ ಅಡ್ಡಡ್ಡಕ್ಕೆ 146 ಡಿಗ್ರಿ ನೋಡುತ್ತಿತ್ತು. ಪರದೆ ಪ್ರೇಕ್ಷಕರನ್ನು ಬಳಸಿಕೊಂಡಂತೆ ಬಾಗಿತ್ತು. ಮೊದಲು ಚಿತ್ರದ ನಿರೂಪಕ, ಅಮೆರಿಕದ ರೇಡಿಯೋ ವಾರ್ತೆಗಾರ ಲೊವೆಲ್ ಥಾಮಸ್ ಅವರು ಸಣ್ಣ ಕಪ್ಪು ಬಿಳುಪು ಚಿತ್ರದಲ್ಲಿ ನಿಧಾನಕ್ಕೆ ಸಿನಿಮಾದ ಇತಿಹಾಸ ಹೇಳುತ್ತಾರೆ. ಜನ ಆಕಳಿಸುವ ಹೊತ್ತಿಗೆ ತೆರೆ ಎರಡೂ ಕಡೆ ಸರಿದು, ನೀವು ರೋಲರ್ ಕೋಸ್ಟರಿನ ಮುಂದಿನ ಸೀಟಿನಲ್ಲಿ! ಹೊಟ್ಟೆ ತೊಳಸುವಾಗ ಗೆರೆ ಯಾರಿಗೆ ಬೇಕು. ಟಿವಿಯಲ್ಲಿ ಹೊಟ್ಟೆ ತೊಳಸೋದಿಲ್ಲ, ಅದಕ್ಕೇ ಗೆರೆ ಕಾಣುತ್ತದೆ.

ಇನ್ನು ಕಥೆ. ಆ ಕ್ಯಾಮೆರಾಕ್ಕೆ ಕಥೆ ಹೇಳುವುದು ಬಲು ಕಷ್ಟವಿತ್ತು. ಲೆನ್ಸು ಬದಲಿಸುವಂತಿಲ್ಲ. ನಾಯಕಿಯ ಮುಖ ತುಂಬಾ ಕಾಣಬೇಕಾದರೆ ಅವಳ ಮೂಗಿಗೇ ಕ್ಯಾಮೆರಾ ತಾಗಿಸಬೇಕು. ನಟರು ಗೆರೆಯ ಆಚೆ ಈಚೆ ನಿಂತರೆ ಒಬ್ಬರನ್ನೊಬ್ಬರು ನೋಡಿದಂತೆ ಕಾಣೋದೇ ಇಲ್ಲ. ಮುಖ ಬೇಡ, ಊರು ಸಾಕು ಎಂದರೆ ಮಾತ್ರ ಈ ಯಂತ್ರಕ್ಕೆ ಖುಷಿ. ಹಾಗಾಗಿ ವೆನಿಸ್ಸಿನ ದೋಣಿ, ಸ್ಪೇನಿನ ಗೂಳಿ ಕಾಳಗ, ಬಿ-25 ವಿಮಾನದ ಮೂತಿಯಿಂದ ಕಂಡ ಅಮೆರಿಕ. 1956ರ ‘ಸೆವೆನ್ ವಂಡರ್ಸ್ ಆಫ್ ದ ವರ್ಲ್ಡ್’ ನಮ್ಮ ತಾಜಮಹಲಿಗೂ ಡಾರ್ಜಿಲಿಂಗಿನ ಎರಡಡಿ ಅಗಲದ ಹಳಿಗೂ ಬಂತು. ಮರುವರ್ಷದ ಚಿತ್ರ ಹುಂಜಾ, ಕಾಶ್ಮೀರ, ನೇಪಾಳ ಸುತ್ತಿತು.

ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳೋದಿಲ್ಲ. ‘ದಿಸ್ ಈಸ್ ಸಿನೆರಮಾ’ದಲ್ಲಿ ಫ್ಲೋರಿಡಾದ ವಾಟರ್ ಸ್ಕೀ, ಅಂದರೆ ಕಾಲಿಗೆ ಹಲಗೆ ಕಟ್ಟಿ ದೋಣಿಯ ಹಿಂದೆ ನೀರಿನ ಮೇಲೆ ಜಾರುವ ಆಟದ ಭಾಗ ನನಗೂ ಬೇಜಾರು. 1925ರಲ್ಲಿ ವಾಟರ್ ಸ್ಕೀಗೆ ಪೇಟೆಂಟ್ ಪಡೆದಿದ್ದವರೂ ಇದೇ ವಾಲರ್. ಅಷ್ಟುದ್ದ ಎಳೆದದ್ದು ಅದಕ್ಕೇ ಏನೋ ಅಂತ ಸುಮ್ನೆ ಒಂದು ಅನುಮಾನ.

ಇನ್ನೊಮ್ಮೆ ನೋಡುವುದಾದರೆ ದೀಪ ಆರಿಸಿ, ಸೌಂಡ್ ಜಾಸ್ತಿ ಮಾಡಿ, ಟಿವಿಗೆ ಮೂರಡಿ ದೂರದಲ್ಲಿ ಕೂತುಕೊಳ್ಳಿ. ಮಗ ಬೈದರೆ ನಮ್ಮ ಹೆಸರು ಹೇಳಿ. ಹಾಗೇ, ಒಂದು ರೀಲು ಹರಿದರೂ ಮೂರೂ ನಿಲ್ಲಬೇಕಿತ್ತಲ್ಲ, ಅಂಥ ಹೊತ್ತಿಗೆಂದೇ ಒಂದು ಪುಟ್ಟ ರೀಲು ಮಾಡಿಟ್ಟಿದ್ದರು. ಅದರಲ್ಲಿ ಥಾಮಸ್ ಬಂದು ರಿಪೇರಿ ಮುಗಿಯುವ ತನಕ ಜನರ ಜೊತೆ ಹರಟುತ್ತಾರೆ. ನಮ್ಮೂರ ಟೆಂಟಿನಲ್ಲಿ ರೀಲು ಕಟ್ಟಾದರೆ ನಾವು ಸಿಳ್ಳೆ ಹೊಡೆಯುತ್ತಿದ್ದೆವು, ದೊಡ್ಡವರು ಬೀಡಿ ಹಚ್ಚುತ್ತಿದ್ದರು.