ಹಸಿ ಮರವನ್ನು ಮುಚ್ಚಲು ಬಿಡಬೇಡಿ

ಮೂಡಿಗೆರೆಯಿಂದ ಬಂದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹಳೆಯ ಮನೆ ಕೊಂಡಿರುವ ನೀವು, ಅಟ್ಟವನ್ನು ಕೋಣೆ ಮಾಡಿಸುವಾಗ ಹೊಸ ತೊಲೆಗಳು ಮಳೆಗೆ ನೆನೆದಿರುವುದನ್ನೂ ಮಾಡಿನ ಹಳೆಯ ಪಕಾಸಿಗಳ (ಇಳಿಜಾರು ತೊಲೆಗಳ) ಮೇಲೆ ಕಪ್ಪು ಕಲೆ ಕಂಡಿರುವುದನ್ನೂ ಬರೆದು, ಮಲೆನಾಡಿನ ಮಳೆ ಕಂಡವರು ಇದಕ್ಕೆ ಹೆದರಬೇಕೆ ಎಂದು ಕೇಳಿದ್ದೀರಿ. ಹೆದರಬೇಕಾಗಿಲ್ಲ. ಆದರೆ ಬಿಲ್ಡರ್ ಎಷ್ಟೇ ಅವಸರಪಡಿಸಿದರೂ ಮರ ಒಣಗುವ ತನಕ ಅದನ್ನು ಮುಚ್ಚುವ ಪ್ಲಾಸ್ಟರ್‌ಬೋರ್ಡ್ (ಜಿಪ್ಸಮ್ ಹಲಗೆ) ಹೊಡೆಯಲು ಬಿಡಬೇಡಿ.

ನಮ್ಮ ಕಡೆಯ ಹಂಚಿನ ಮಾಡಿನಲ್ಲಿ ಮರ ನೆನೆದರೂ ಸಂದಿಗಳಿಂದ ಗಾಳಿಯಾಡುತ್ತದೆ. ಮೇಲಾಗಿ ಹೊನ್ನೆ, ಬೀಟೆಗಳ ಚೇಗು, ಅಂದರೆ ಒಳತಿರುಳು, ಸುಲಭಕ್ಕೆ ಲಡ್ಡಾಗಿ ಕೊಳೆಯುವುದಿಲ್ಲ. ಇಲ್ಲಿ ಬಳಸುವ ಸ್ಪ್ರೂಸ್, ಪೈನ್ ಮರಗಳಿಗೆ ಆ ಗಟ್ಟಿತನವಿಲ್ಲ, ಮತ್ತು ಚಳಿ ತಡೆಯಲು ತುಂಬುವ ದಪ್ಪ ಇನ್ಸುಲೇಷನ್ನಿನ ಹಿಂದೆ ಸಿಕ್ಕಿಕೊಂಡ ತೇವಕ್ಕೆ ಹೊರಹೋಗಲು ದಾರಿಯಿಲ್ಲ. ಕಾಫಿ ಮಾರುವ ಮುನ್ನ ಮಾಯಿಶ್ಚರ್ ನೋಡುವಂತೆಯೇ ಮರಕ್ಕೂ ಎರಡು ಮುಳ್ಳಿನ ಮೀಟರ್ ಚುಚ್ಚಿ ನೋಡಬೇಕು. ತೇವ ಶೇ. 20ಕ್ಕಿಂತ ಮೇಲೆಯೇ ನಿಂತರೆ ಮರ ಕೊಳೆಸುವ ಶಿಲೀಂಧ್ರಕ್ಕೆ ಅವಕಾಶವಾಗುತ್ತದೆ. ಚಳಿಗಾಲದಲ್ಲಿ ಹೀಟಿಂಗ್ ಹಾಕಿದ ಮನೆಯ ಮರ ಸುಮಾರು ಶೇ. 12ಕ್ಕೆ ಇಳಿಯುವುದರಿಂದ, ಹಸಿಯಾಗಿ ಕೂರಿಸಿದ ತೊಲೆ ಆಮೇಲೆ ಅಗಲದಲ್ಲಿ ಕುಗ್ಗಿ ನೆಲ ಕಿರುಗುಟ್ಟುತ್ತದೆ, ಬೋರ್ಡಿನ ಕೂಡುಗಳು ಬಿರುಕು ಬಿಡುತ್ತವೆ.

ಇನ್ನೂ ಜೋಡಿಸದ ತೊಲೆಗಳನ್ನು ನೆಲದಿಂದ ಎತ್ತರಿಸಿ, ನಡುನಡುವೆ ರೀಪು ಕೊಟ್ಟು ಪೇರಿಸಿ, ಮೇಲೆ ಮಾತ್ರ ಹೊದಿಸಿ ಪಕ್ಕಗಳನ್ನು ತೆರೆದಿಡಿ. ಮಾಡು ಮಳೆನೀರಿಗೆ ಭದ್ರವಾದ ಮೇಲೆ ಕಿಟಕಿ ಮುಚ್ಚಿ ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಓಡಿಸಿ. ಸಿಲಿಂಡರ್ ಗ್ಯಾಸಿನ ಹೀಟರ್ ಮಾತ್ರ ಬೇಡ. ಗ್ಯಾಸ್ ಉರಿದಾಗ ಹುಟ್ಟುವ ನೀರಾವಿ ಕೋಣೆಯಲ್ಲೇ ಉಳಿಯುತ್ತದೆ.

ಹಳೆಯ ಪಕಾಸಿಗಳ ವಿಷಯ ಬೇರೆ. ಅಲ್ಲಿ ಮೊದಲು ನೀರು ಬಂದ ದಾರಿಯನ್ನು ಹುಡುಕಬೇಕು. ಕಲೆ ಚಿಮಣಿಯ ಬುಡದಲ್ಲೋ ಒಂದೇ ಜಾಗದಲ್ಲೋ ಇದ್ದರೆ ಅಲ್ಲಿನ ಸಂದಿ ಮುಚ್ಚುವ ಸೀಸದ ತಗಡು ಎದ್ದಿರಬಹುದು ಅಥವಾ ಮಾಡಿಗೆ ಹೊದಿಸಿದ ಸ್ಲೇಟು ಜಾರಿರಬಹುದು. ಹಾಗಲ್ಲದೆ ಚಳಿಗಾಲದ ಬೆಳಗ್ಗೆ ಒಳಗೆ ಚಾಚಿಕೊಂಡ ಮೊಳೆಗಳ ತುದಿಗಳಲ್ಲೆಲ್ಲ ನೀರಿನ ಮಣಿಗಳು ನಿಂತಿದ್ದರೆ, ಅದು ನಿಮ್ಮ ಸ್ನಾನದ ಮನೆ, ಅಡುಗೆಮನೆಗಳಿಂದಲೇ ಮೇಲೇರಿದ ಆವಿ. ಊರಿನಲ್ಲಿ ನೀರು ಮೇಲಿನಿಂದ ಬರುವುದನ್ನಷ್ಟೇ ಕಂಡ ನಮಗೆ ಇದು ತಟ್ಟನೆ ಹೊಳೆಯುವುದಿಲ್ಲ. ಕಲೆಯಿರುವ ಕಡೆ ಸ್ಕ್ರೂಡ್ರೈವರ್ ಒತ್ತಿ. ಮೆತ್ತಗೆ ಒಳಗಿಳಿದರೆ ಅಥವಾ ಮರ ಚೌಕ ಚೌಕವಾಗಿ ಒಡೆದು ಬಂದರೆ ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಸದೆ ಮುಂದುವರಿಯಬೇಡಿ.

ಮುಚ್ಚುವಾಗ ಆವಿ ತಡೆಯುವ ಹಾಳೆ ಇನ್ಸುಲೇಷನ್ನಿನ ಒಳಬದಿಗೆ, ಅಂದರೆ ಬೆಚ್ಚಗಿನ ಕೋಣೆಯ ಕಡೆಗೆ ಬರಬೇಕು, ಕೂಡುಗಳಿಗೆಲ್ಲ ಟೇಪ್ ಹಚ್ಚಬೇಕು. ಹಳೆಯ, ಆವಿ ದಾಟದ ಫೆಲ್ಟ್ (ಸ್ಲೇಟಿನಡಿಯ ಹಾಳೆ) ಇದ್ದರೆ ಅದಕ್ಕೂ ಇನ್ಸುಲೇಷನ್ನಿಗೂ ನಡುವೆ 50 ಮಿ.ಮೀ. ಗಾಳಿಯ ಜಾಗ ಬಿಡಿಸಿ. ಕಟ್ಟಡದ ಕೆಲಸವನ್ನು ತಪಾಸಣೆ ಮಾಡುವ ಬಿಲ್ಡಿಂಗ್ ಕಂಟ್ರೋಲ್‌ನವರು ಬಂದು ನೋಡುವ ಮುನ್ನ ಯಾವುದನ್ನೂ ಮುಚ್ಚಿಸಬೇಡಿ. ಅಲ್ಲಿಯವರೆಗೆ ಪ್ರತಿ ವಾರ ಮೀಟರ್ ತೋರಿಸಿದ ಅಂಕಿಯನ್ನು ತಾರೀಖಿನೊಂದಿಗೆ ಆಯಾ ತೊಲೆಯ ಮೇಲೆಯೇ ಪೆನ್ಸಿಲಿನಲ್ಲಿ ಬರೆದಿಟ್ಟರೆ ಬಿಲ್ಡರ್ ಜೊತೆ ವಾದಕ್ಕೆ ಎಡೆಯಿರುವುದಿಲ್ಲ.