ಪಿಯುಸಿಯಲ್ಲಿ ಮನಃಶಾಸ್ತ್ರ ತೆಗೆದುಕೊಂಡಿದ್ದೇನೆ, ಎಲ್ಲಿಂದ ಶುರು ಮಾಡಲಿ?

ನೀವು ಶಿರಸಿ ಹತ್ತಿರದವರು, ಕಲಾ ವಿಭಾಗಕ್ಕೆ ಸೇರಿದ್ದೀರಿ, "ಹುಚ್ಚರ ಶಾಸ್ತ್ರ ಓದಿ ಏನು ಮಾಡುತ್ತೀಯೆ" ಎಂದು ದೊಡ್ಡಪ್ಪ ಕೇಳುತ್ತಿದ್ದಾರೆ, ತರಗತಿಗೆ ಮೊದಲು ಯಾವ ಪುಸ್ತಕ ಓದಲಿ ಎಂಬುದು ನಿಮ್ಮ ಪ್ರಶ್ನೆ. ಪುಸ್ತಕ ಆಮೇಲೆ. ಮೊದಲು ಒಂದು ನೋಟ್‌ಬುಕ್ಕು, ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಳ್ಳಿ.

ನಾನು ಕಾರವಾರದಲ್ಲಿ ಪಿಯುಸಿ ಓದಿದವಳು. ಎದುರಿಗೆ ಕೂತವರ ಮನಸ್ಸಿನಲ್ಲಿರುವುದನ್ನು ಹೇಳುವ ವಿದ್ಯೆ ಸಿಗುತ್ತದೆ ಎಂದು ನಂಬಿ ಸೇರಿದ್ದೆ. ಸಿಕ್ಕಿದ್ದು ಇಸವಿಗಳು: 1879, ಲೈಪ್‌ಜಿಗ್, ವಿಲ್ಹೆಲ್ಮ್ ವುಂಟ್, ಮನಃಶಾಸ್ತ್ರದ ಮೊದಲ ಪ್ರಯೋಗಾಲಯ. ಬಾಯಿಪಾಠ ಮಾಡಿದೆ. ವಿಷಯ ಹಿಡಿಸಿದ್ದು ಪ್ರಾಯೋಗಿಕ ತರಗತಿಯಲ್ಲಿ, ಅದೂ ನನ್ನದೇ ಎಡವಟ್ಟಿನಿಂದ.

ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಅರ್ಥವಿದ್ದರೆ ಹಳೆಯ ನೆನಪು ಬಂದು ಕೈಹಿಡಿಯುತ್ತದೆ, ಆಗ ಅಳತೆ ಕೆಡುತ್ತದೆ ಎಂಬುದು ಅವನ ಲೆಕ್ಕ. ನಮಗೂ ಅಂಥ ಹನ್ನೆರಡು ಗುಚ್ಛಗಳ ಪಟ್ಟಿ ಮಾಡಲು ಹೇಳಿದರು. ನಾನು ತೌಮ್, ರೂಕ್ ಎಂದೆಲ್ಲ ಬರೆದೆ. ತರಗತಿಯವರಿಗೆ ಅದನ್ನು ಬಾಯಿಪಾಠ ಮಾಡಿಸಿ ಮರುದಿನ ಕೇಳಿದರೆ ಎಲ್ಲರೂ ಮೂರೋ ನಾಲ್ಕೋ ಹೇಳಿ ತಡವರಿಸಿದರು. ಆದರೆ ಸದಾಶಿವಗಡದ ಕಡೆಯಿಂದ ಬರುತ್ತಿದ್ದ ನಾಲ್ವರಲ್ಲಿ ಒಬ್ಬರೂ 'ರೂಕ್' ಮರೆತಿರಲಿಲ್ಲ. ಅವರ ಮನೆಮಾತು ಕೊಂಕಣಿ. ಕೊಂಕಣಿಯಲ್ಲಿ ರೂಕ್ ಎಂದರೆ ಮರ! ಪೇಟೆಯಲ್ಲಿ ದಿನವೂ ಕೊಂಕಣಿ ಕಿವಿಗೆ ಬೀಳುತ್ತಿದ್ದರೂ ನನಗದು ಹೊಳೆದಿರಲಿಲ್ಲ. ಉಪನ್ಯಾಸಕರು ನಕ್ಕು, ಪಟ್ಟಿಯನ್ನು ಹರಿದು, ಮತ್ತೆ ಮಾಡಿಸಿದರು. ಉತ್ತರ ಕೊಡುವವರು ಯಾರು, ಅವರ ತಲೆಯಲ್ಲಿ ಮೊದಲೇ ಏನಿದೆ ಎಂದು ವಿಚಾರಿಸದೆ ಅಂಕಿ ಬರೆದುಕೊಳ್ಳಬಾರದು ಎಂಬುದು ಅಂದಿನಿಂದ ತಲೆಯಲ್ಲಿ ಕೂತಿದೆ.

ಹನ್ನೊಂದನೆಯ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಅದು ಸಾಕು. ಕನ್ನಡ ಮಾಧ್ಯಮದಿಂದ ಬಂದಿದ್ದರೆ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಬರೆದಿಟ್ಟುಕೊಳ್ಳಿ. ಪದವಿಗೆ ಹೋದಾಗ ಉಪಯೋಗಕ್ಕೆ ಬರುತ್ತದೆ. ಮನೋರೋಗಗಳ ಪಾಠ ಓದಿದ ವಾರ ಗೆಳತಿಯರಿಗೆಲ್ಲ ಒಂದೊಂದು ಕಾಯಿಲೆ ಹಚ್ಚಬೇಡಿ. ನಾನು ಹಚ್ಚಿದ್ದೆ, ಒಬ್ಬಳು ತಿಂಗಳು ಮಾತು ಬಿಟ್ಟಳು.

ಒಂದು ವಿಷಯ ಈಗಲೇ ತಿಳಿದಿರಲಿ. ಔಷಧ ಬರೆದುಕೊಡುವ ಮನೋವೈದ್ಯರಾಗಲು ಎಂಬಿಬಿಎಸ್ ಬೇಕು. ಕಲಾ ವಿಭಾಗದಿಂದ ಆ ದಾರಿ ಇಲ್ಲ. ಚಿಕಿತ್ಸಾ ಮನಃಶಾಸ್ತ್ರಜ್ಞರಾಗಲು ಪದವಿ, ಸ್ನಾತಕೋತ್ತರ, ಜೊತೆಗೆ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿ ಎಂದು ವರ್ಷಗಳೇ ಹಿಡಿಯುತ್ತವೆ. ಪಿಯುಸಿ ಮುಗಿದ ಕೂಡಲೇ ಕೆಲಸ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದೊಡ್ಡಪ್ಪ ಮತ್ತೆ ಕೇಳಿದರೆ ಇದನ್ನು ಹೇಳಿ: 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ' ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರಾಧ್ಯಾಪಕರು.

ಇನ್ನು ಸ್ಟಾಪ್‌ವಾಚ್ ಏಕೆ ಎಂದರೆ, ನಿಮ್ಮಲ್ಲಿ ಅಡಿಕೆ ಇದೆ. ಚಾಲಿ, ಕೆಂಪುಗೋಟು, ಬಿಳೆಗೋಟು, ಕೋಕ ಎಂದು ಆರಿಸುವವರು ಅಡಿಕೆಯನ್ನು ಕೈಯಲ್ಲಿ ಹಿಡಿದ ಕ್ಷಣವೇ ಬದಿಗೆ ಎಸೆಯುತ್ತಾರೆ, ಹೇಗೆ ತಿಳಿಯಿತು ಎಂದರೆ ಹೇಳಲು ಅವರಿಗೇ ಬಾರದು. ಅವರ ಒಪ್ಪಿಗೆ ಪಡೆದು, ನೂರು ಅಡಿಕೆಯ ತಳದಲ್ಲಿ ಸಣ್ಣದಾಗಿ ಸಂಖ್ಯೆ ಬರೆದು ಆರಿಸಲು ಕೊಡಿ. ಎಷ್ಟು ಹೊತ್ತು ಹಿಡಿಯಿತು, ಯಾವುದು ಯಾವ ರಾಶಿಗೆ ಹೋಯಿತು, ಗುರುತು ಹಾಕಿ. ವಾರ ಬಿಟ್ಟು ಅವೇ ನೂರನ್ನು ಕಲಸಿ ಮತ್ತೆ ಕೊಡಿ. ಎಷ್ಟು ಅಡಿಕೆ ಅದೇ ರಾಶಿಗೆ ಬಿದ್ದವು ಎಂದು ಎಣಿಸಿದರೆ ನಿಮ್ಮ ಪಠ್ಯದಲ್ಲಿ ಮುಂದೆ ಬರುವ 'ವಿಶ್ವಾಸಾರ್ಹತೆ' ಎಂಬ ಪದ ಆಗಲೇ ಕೈಗೆ ಸಿಕ್ಕಿರುತ್ತದೆ. ನೀವೂ ಆರಿಸಿ ನೋಡಿ, ಅವರಿಗೂ ನಿಮಗೂ ಎಷ್ಟು ವ್ಯತ್ಯಾಸ ಬರುತ್ತದೆ ಬರೆದಿಡಿ.

ಮಾರುವ ಅಡಿಕೆಯ ಮೇಲಂತೂ ಸಂಖ್ಯೆ ಬರೆಯಬೇಡಿ, ದೊಡ್ಡಪ್ಪನಿಗೆ ಇನ್ನೊಂದು ನೆಪ ಸಿಗುತ್ತದೆ.