ನೊರೆ ಬಂದರೆ ನಳ್ಳಿಗೆ ಬೈಯಬೇಡಿ

ಪುನರ್ಪುಳಿ (ಕೋಕಂ) ಸೋಡಾವನ್ನು ನಳ್ಳಿಯಿಂದ ಹಿಡಿದು ಕೊಡುವ ನನ್ನ ಪೆಟ್ಟಿಗೆಯನ್ನು ಕಾಸರಗೋಡಿನ ಬದಿಯಡ್ಕದ ಕಡೆಯ ನಾಲ್ಕು ಮದುವೆಗಳಲ್ಲಿ ಜನ ನೋಡಿದರು. ಅಲ್ಲಿಂದ ಫ್ರಿಜ್ ರಿಪೇರಿಯ ಪ್ರಶ್ನೆಗಳೇ ಕಡಿಮೆಯಾಗಿವೆ. ಬರುವುದೆಲ್ಲ ಕೆಗರೇಟರ್ ಬಗ್ಗೆ. ಅಂದರೆ, ಒತ್ತಡ ತಡೆಯುವ ಸ್ಟೀಲ್ ಪೀಪಾಯಿಯನ್ನು (ಕೆಗ್) ತಣ್ಣಗಿಟ್ಟು, ನಳ್ಳಿ ಕೂರಿಸಿ, ಬೇಕಾದಲ್ಲಿಗೆ ಹೊತ್ತೊಯ್ಯುವ ಪೆಟ್ಟಿಗೆ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಈ ಸಲ ಎಲ್ಲ ಒಟ್ಟಿಗೆ ಮುಗಿಸುತ್ತೇನೆ. ವಾಷರ್ ಹಾಕುವುದು, ಕ್ಲಿಪ್ ಬಿಗಿ ಮಾಡುವುದು ಇಲ್ಲಿ ಬರೆಯುವುದಿಲ್ಲ. ಅಷ್ಟೂ ಗೊತ್ತಿಲ್ಲದವರು ದಯವಿಟ್ಟು ಸೋಡಾಕ್ಕೆ ಗುಳ್ಳೆ ಕೊಡುವ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಸಿಲಿಂಡರ್ ಮುಟ್ಟಬೇಡಿ.

ಮನೆಯಲ್ಲೇ ಬಿಯರ್ ಮಾಡಿ ಇದರಲ್ಲಿ ಹಾಕಬಹುದಾ ಅಣ್ಣಾ? (ಉಪ್ಪಳದಿಂದ ಒಬ್ಬರು, ಊರು ಹೇಳದ ಮೂವರು)

ಬೇಡ. ಕೇರಳದಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸಿದರೆ ಅಬ್ಕಾರಿ ಕಾಯ್ದೆಯ ಪ್ರಕಾರ ಜೈಲು. ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೂ ಲೈಸೆನ್ಸ್ ಬೇಕೇ ಬೇಕು. ನೀವು ನೋಡುವ ವೀಡಿಯೊಗಳು ಅಮೆರಿಕದವು. ಅಲ್ಲಿ 1978ರಲ್ಲಿ ಕಾನೂನು ಬದಲಾಗಿ ಮನೆಬಳಕೆಗೆ ಬಿಯರ್ ಮಾಡಲು ಬಿಟ್ಟರು. ಇನ್ನೊಂದು ಮಾತು. ಅವರು ಬಳಸುವ ಆ ಉದ್ದನೆಯ 19 ಲೀಟರಿನ ಕೆಗ್ ಬಂದದ್ದೇ ತಂಪು ಪಾನೀಯದ ಅಂಗಡಿಗಳಿಂದ. ಅಂಗಡಿಯವರು ಅದನ್ನು ಬಿಟ್ಟ ಮೇಲೆ ಬಿಯರ್ ಮಾಡುವವರು ಎತ್ತಿಕೊಂಡರು. ಅದರಲ್ಲಿ ಸೋಡಾ ಹಾಕಿದರೆ ಅದಕ್ಕೇನೂ ಅವಮಾನ ಇಲ್ಲ.

ಅಣ್ಣಾ, ಮೀನಿನ ಹಳೆ ಐಸ್ ಪೆಟ್ಟಿಗೆಗೆ ನಳ್ಳಿ ಕೂರಿಸಿದೆ. ಕೆಗ್, ಸಿಲಿಂಡರ್, ರೆಗ್ಯುಲೇಟರ್ ಎಲ್ಲ ಸರಿ ಇದೆ. ತಂಗಿಯ ಮದುವೆಗೆ ಮುಂಚೆ ಟ್ರಯಲ್ ನೋಡಿದರೆ ಮುಕ್ಕಾಲು ಗ್ಲಾಸ್ ನೊರೆ, ತಳದಲ್ಲಿ ಎರಡು ಗುಟುಕು ಸೋಡಾ. ನಳ್ಳಿ ಬದಲಾಯಿಸಿದೆ, ಆದರೂ ಹಾಗೇ. ಯಾವ ಕಂಪನಿಯ ನಳ್ಳಿ ತರಲಿ? (ಪೆರ್ಲ)

ಯಾವುದನ್ನೂ ತರಬೇಡಿ. ಇಷ್ಟೆಲ್ಲ ಬರೆದ ನೀವು ಒಂದನ್ನು ಬಿಟ್ಟಿದ್ದೀರಿ. ಕೆಗ್ ಒಳಗಿನ ಸೋಡಾ ಎಷ್ಟು ತಣ್ಣಗಿತ್ತು? ಎಲ್ಲರೂ ಬಿಡುವುದು ಅದನ್ನೇ. ಪೆಟ್ಟಿಗೆಯಲ್ಲಿ ಐಸ್ ಇತ್ತು ಅಂತ ಹೇಳಬೇಡಿ. ಐಸ್ ಇರುವುದು ಬೇರೆ, ಸೋಡಾ ತಣ್ಣಗಾಗುವುದು ಬೇರೆ.

ಮಾಮೂಲಿ ಗಾಳಿಯ ಒತ್ತಡದಲ್ಲಿ, 4 ಡಿಗ್ರಿಯ ಒಂದು ಲೀಟರ್ ನೀರು ಸುಮಾರು ಒಂದೂವರೆ ಲೀಟರ್ ಕಾರ್ಬನ್ ಡೈಆಕ್ಸೈಡ್ ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಯಲ್ಲಿ ಮುಕ್ಕಾಲು ಲೀಟರೂ ಇಲ್ಲ. ನಮ್ಮ ಏಪ್ರಿಲ್ ಸೆಕೆಯಲ್ಲಿ ಗ್ಯಾಸಿಗೆ ನೀರಿನೊಳಗೆ ಕೂರುವ ಮನಸ್ಸೇ ಇರುವುದಿಲ್ಲ. ನೀವು ಒತ್ತಡ ಏರಿಸಿ ಅದನ್ನು ಒಳಗೆ ತಳ್ಳುತ್ತೀರಿ. ನಳ್ಳಿ ತೆರೆದ ತಕ್ಷಣ ಅದು ಎಲ್ಲವನ್ನೂ ಎತ್ತಿಕೊಂಡು ಹೊರಗೆ ಹಾರುತ್ತದೆ. ನೊರೆ ಅಂದರೆ ಅಷ್ಟೇ.

ಈಗ ಐಸ್ ಲೆಕ್ಕ. 19 ಲೀಟರನ್ನು 30 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ಆರು ಕಿಲೋಗಿಂತ ಜಾಸ್ತಿ ಐಸ್ ಪೂರ್ತಿ ಕರಗಬೇಕು. ಕೆಗ್ಗಿನ ಸ್ಟೀಲ್, ಪೆಟ್ಟಿಗೆಯ ಗೋಡೆ, ಯಾರೋ ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಇಣುಕುವುದು, ಇದೆಲ್ಲ ಬೇರೆ. ನಾನು ಒಂದು ಕೆಗ್ಗಿಗೆ 12 ಕಿಲೋ ಇಟ್ಟುಕೊಳ್ಳುತ್ತೇನೆ. ಅದೂ ಹಿಂದಿನ ರಾತ್ರಿಯೇ ಕೆಗ್ಗನ್ನು ಫ್ರಿಜ್‌ನಲ್ಲಿ ನಿಲ್ಲಿಸಿ ತಣ್ಣಗೆ ಮಾಡಿದ ಮೇಲೆ. ಐಸ್ ಪೆಟ್ಟಿಗೆಯ ಕೆಲಸ ತಂಪನ್ನು ಕಾಯುವುದು. ಬಿಸಿ ಕೆಗ್ಗನ್ನು ಅದರಲ್ಲಿಟ್ಟು ಎರಡು ಗಂಟೆಯಲ್ಲಿ ಸರಿಯಾಗುತ್ತದೆ ಅಂದುಕೊಂಡರೆ ನೊರೆಯೇ ಗತಿ.

ಮೀನಿನ ಪೆಟ್ಟಿಗೆಯಲ್ಲಿ ನೀರು ಬಸಿಯಲು ಒಂದು ತೂತು ಇರುತ್ತದಲ್ವಾ? ಅದನ್ನು ಮುಚ್ಚಿ. ಮೀನಿಗೆ ನೀರು ನಿಲ್ಲಬಾರದು, ಕೆಗ್ಗಿಗೆ ನಿಲ್ಲಬೇಕು. ಬರೀ ಐಸ್ ತುಂಡು ಕೆಗ್ಗಿಗೆ ಅಲ್ಲಲ್ಲಿ ತಾಗುತ್ತದೆ, ನಡುವೆ ಗಾಳಿ. ಐಸಿಗೆ ನೀರು ಸೇರಿಸಿದರೆ ಸುತ್ತಲೂ ತಾಗಿ ಕೂರುತ್ತದೆ. ಉಪ್ಪು ಹಾಕಬೇಡಿ, ಪೈಪಿನೊಳಗೇ ಹೆಪ್ಪುಗಟ್ಟೀತು. ಮತ್ತೆ ಆ ಕೆಗ್ 60 ಸೆಂಟಿಮೀಟರಿಗಿಂತ ಎತ್ತರ ಇದೆ. ಮುಚ್ಚಳ ಹಾಕಲಾಗುವುದಿಲ್ಲ ಅಂತ ಅದನ್ನು ಮಲಗಿಸುವವರಿದ್ದಾರೆ. ಮಲಗಿಸಿದರೆ ಸೋಡಾ ಕಮ್ಮಿಯಾದ ಹಾಗೆ, ತಳದಿಂದ ಸೋಡಾ ಎತ್ತುವ ಒಳಗಿನ ಕೊಳವೆ ಸೋಡಾದ ಬದಲು ಗ್ಯಾಸ್ ಎಳೆಯುತ್ತದೆ. ಮುಚ್ಚಳ ಕೊರೆದು ಕುತ್ತಿಗೆ ಹೊರಗೆ ಬಿಡಿ, ಸುತ್ತ ಥರ್ಮಾಕೋಲ್ ತುರುಕಿ.

ಇಷ್ಟಾದ ಮೇಲೂ ನೊರೆ ಬಂದರೆ ನೋಡಬೇಕಾದದ್ದು ಪೈಪು. ಒಂದು ಅಡಿ ಪೈಪಿನಲ್ಲಿ ನಳ್ಳಿ ಸಿಕ್ಕಿಸಿದವರನ್ನು ನೋಡಿದ್ದೇನೆ. ಪೈಪು ಬರೀ ದಾರಿಯಲ್ಲ, ಬ್ರೇಕು ಕೂಡ ಅದೇ. ಒಳಗಿನ ಒತ್ತಡ ಅದರ ಉದ್ದಕ್ಕೂ ಸವೆಯುತ್ತಾ ಬರಬೇಕು, ನಳ್ಳಿಯ ಬಾಯಲ್ಲಿ ಒಮ್ಮೆಲೇ ಬಿಡಬಾರದು. ಬಿಯರಿನವರು ಒತ್ತಡದ ಅಳತೆಯಲ್ಲಿ 10ರಿಂದ 12 ಪಿಎಸ್‌ಐಗೆ, ಒಳಗೆ 5 ಮಿಲಿಮೀಟರ್ ಇರುವ ಪೈಪನ್ನು ಸುಮಾರು ಮೂರು ಮೀಟರ್ ಹಾಕುತ್ತಾರೆ. ಸೋಡಾಕ್ಕೆ ಚುರುಕು ಜಾಸ್ತಿ ಬೇಕು, 25ರಿಂದ 30 ಪಿಎಸ್‌ಐ. ಹಾಗಾಗಿ ಪೈಪೂ ಆರೇಳು ಮೀಟರ್. ಸುರುಳಿ ಸುತ್ತಿ ಐಸ್ ನೀರಿನಲ್ಲೇ ಮುಳುಗಿಸಿ. ಅಷ್ಟುದ್ದ ಬೇಡ ಅನ್ನುವವರು ಹಿಂದಿನ ದಿನವೇ ತಣ್ಣಗೆ ಗ್ಯಾಸ್ ಹಿಡಿಸಿ, ಬಡಿಸುವ ಹೊತ್ತಿಗೆ ಮೇಲಿನ ಒತ್ತಡ ಬಿಟ್ಟು 10 ಪಿಎಸ್‌ಐಗೆ ಇಳಿಸಿ. ಎರಡು ಪಂಕ್ತಿಯ ಊಟ ಮುಗಿಯುವ ತನಕ ಚುರುಕು ಉಳಿಯುತ್ತದೆ.

ಇನ್ನೊಂದು ಕಾರಣ ಅಮೆರಿಕದ ವೀಡಿಯೊದಲ್ಲಿ ಸಿಗುವುದಿಲ್ಲ. ಅವರ ಬಿಯರಿನಲ್ಲಿ ಪುನರ್ಪುಳಿಯ ಸಿಪ್ಪೆ ಇಲ್ಲ! ನಮ್ಮಲ್ಲಿ ಹಣ್ಣಿನ ಚೂರು, ಶುಂಠಿಯ ನಾರು, ಲಿಂಬೆಯ ತಿರುಳು ಎಲ್ಲ ತೇಲುತ್ತದೆ. ಒಂದೊಂದು ಚೂರೂ ಗುಳ್ಳೆ ಏಳಲು ಒಂದೊಂದು ಜಾಗ. ನಾನು ಮೊದಲ ಸಲ ಮನೆಯ ಗೃಹಪ್ರವೇಶಕ್ಕೆ ಚಾ ಸೋಸುವ ಜಾಲರಿಯಲ್ಲಿ ಸೋಸಿ ಹಾಕಿದ್ದೆ. ಇಡೀ ಕೆಗ್ ಕೆಂಪು ನೊರೆಯಾಗಿ ಬಂತು. ಮಕ್ಕಳಿಗೆ ಭಾರಿ ಖುಷಿ, ಭಾವನಿಗೆ ಇವತ್ತಿಗೂ ಅದು ತಮಾಷೆ. ಈಗ ಮಡಚಿದ ಪಂಚೆಯಲ್ಲಿ ಎರಡು ಸಲ ಸೋಸುತ್ತೇನೆ, ರಾತ್ರಿ ಇಟ್ಟು ಮೇಲಿನ ತಿಳಿ ಮಾತ್ರ ತೆಗೆಯುತ್ತೇನೆ.

ಬರೆದು ಕೇಳುವ ಮುಂಚೆ ಗ್ಲಾಸನ್ನು ಸರಿಯಾಗಿ ನೋಡಿ. ಮೊದಲ ಗ್ಲಾಸ್ ಮಾತ್ರ ನೊರೆ, ಆಮೇಲೆ ಸರಿ ಅಂದರೆ ನಳ್ಳಿ ಬಿಸಿಯಾಗಿದೆ, ಒದ್ದೆ ಬಟ್ಟೆ ಸುತ್ತಿ. ಎಲ್ಲ ಗ್ಲಾಸೂ ನೊರೆ ಅಂದರೆ ಮೇಲೆ ಹೇಳಿದ್ದು. ಸೋಡಾ ತಣ್ಣಗಿದ್ದೂ ಕೆಗ್ಗಿನ ಬಾಯಿಂದಲೇ ಪೈಪಿನಲ್ಲಿ ಗುಳ್ಳೆ ಓಡುತ್ತಿದ್ದರೆ ಒಳಗಿನ ಕೊಳವೆಯ ಸಣ್ಣ ರಬ್ಬರ್ ರಿಂಗ್ ಹೋಗಿರುತ್ತದೆ. ನಳ್ಳಿಯನ್ನು ಹೆದರಿ ಅರ್ಧ ತೆರೆಯಬೇಡಿ, ಅದರಿಂದಲೇ ನೊರೆ ಜಾಸ್ತಿ. ಪೂರ್ತಿ ತೆರೆಯಿರಿ. ಮತ್ತೆ ಪೆರ್ಲದಿಂದ ಪಿಕಪ್‌ನಲ್ಲಿ ಕುಲುಕಿಸಿ ತಂದ ಕೆಗ್ಗನ್ನು ಇಳಿಸಿದ ಕೂಡಲೇ ಮುಟ್ಟಬೇಡಿ. ಒಂದು ಗಂಟೆ ಸುಮ್ನೆ ನಿಲ್ಲಲಿ.

ಬೆಂಕಿ ಆರಿಸುವ ಸಿಲಿಂಡರಿನಲ್ಲೂ ಅದೇ ಗ್ಯಾಸ್ ಅಲ್ವಾ? ಕಡಿಮೆಗೆ ಸಿಗುತ್ತದೆ. (ಕುಂಬಳೆ)

ಗ್ಯಾಸ್ ಅದೇ. ಆದರೆ ಅದರೊಳಗೆ ತಳದ ತನಕ ಕೊಳವೆ ಇರುತ್ತದೆ, ಹೊರಗೆ ಬರುವುದು ದ್ರವ. ಆ ದ್ರವ ರೆಗ್ಯುಲೇಟರಿಗೆ ನುಗ್ಗಿದರೆ ಅದರ ಕಥೆ ಮುಗಿಯಿತು, ಎದುರು ನಿಂತ ನಿಮ್ಮದೂ ಇರಬಹುದು. 'ನಾವು ವಾಲ್ವ್ ಬದಲಾಯಿಸಿ ಕೊಡುತ್ತೇವೆ' ಅನ್ನುವ ವೆಲ್ಡಿಂಗ್ ಪಂಡಿತರ ಹತ್ತಿರ ಹೋಗಬೇಡಿ. 30 ಡಿಗ್ರಿಯಲ್ಲಿ ಆ ಸಿಲಿಂಡರಿನ ಒಳಗೆ 1000 ಪಿಎಸ್‌ಐ ದಾಟಿರುತ್ತದೆ. ಆಹಾರಕ್ಕೆ ಬಳಸುವ ಗ್ಯಾಸ್ ತುಂಬಿದ, ಐದು ವರ್ಷದೊಳಗೆ ಟೆಸ್ಟ್ ಆದ ಮುದ್ರೆ ಇರುವ ಸಿಲಿಂಡರನ್ನೇ ತನ್ನಿ. ನಿಲ್ಲಿಸಿಯೇ ಇಡಿ, ಕಟ್ಟಿಯೇ ಸಾಗಿಸಿ. ಎಷ್ಟು ಉಳಿದಿದೆ ಅಂತ ಮೀಟರ್ ನೋಡಬೇಡಿ, ದ್ರವ ಮುಗಿಯುವ ತನಕ ಮುಳ್ಳು ಕದಲುವುದಿಲ್ಲ. ತಕ್ಕಡಿಗೆ ಹಾಕಿ.

ಕಾರಿನ ಗಾಜು ಏರಿಸಿ ಸಿಲಿಂಡರ್ ಸಾಗಿಸಬೇಡಿ. ಈ ಗ್ಯಾಸಿಗೆ ವಾಸನೆ ಇಲ್ಲ, ಗಾಳಿಗಿಂತ ಭಾರ. ಒಮ್ಮೆ ವಾಷರ್ ಸಡಿಲ ಇದ್ದದ್ದು ಗೊತ್ತಿಲ್ಲದೆ ನಾನು ಓಮ್ನಿಯಲ್ಲಿ ಹೊರಟು, ತಲೆ ಸಿಡಿದು ದಾರಿಯಲ್ಲಿ ಇಳಿದು ಕೂತಿದ್ದೆ. ಅವತ್ತಿನಿಂದ ಮಳೆ ಬಂದರೂ ಗಾಜು ಕೆಳಗೇ. ಹೆದರುಪುಕ್ಕಲ ಅಂದರೂ ಅಡ್ಡಿಯಿಲ್ಲ.

ಹಳೆ ಫ್ರಿಜ್ಜಿನ ಬದಿಗೆ ಡ್ರಿಲ್ ಮಾಡಿ ನಳ್ಳಿ ಹಾಕಿದರೆ ಸಾಕಲ್ವಾ? (ಮುಳ್ಳೇರಿಯ)

ಬದಿಯ ಗೋಡೆಯೊಳಗೆ ಫ್ರಿಜ್ಜನ್ನು ತಂಪು ಮಾಡುವ ಗ್ಯಾಸಿನ ಕೊಳವೆ ಓಡುತ್ತಿರುತ್ತದೆ. ಎಷ್ಟೋ ಹೊಸ ಫ್ರಿಜ್ಜುಗಳಲ್ಲಿ ಇರುವುದು ಆರ್ 600ಎ, ಅಂದರೆ ಬೆಂಕಿ ಹತ್ತುವ ಗ್ಯಾಸ್. ಕೊರೆಯುವುದಾದರೆ ಬಾಗಿಲನ್ನು ಕೊರೆಯಿರಿ. ಮುಚ್ಚಳ ಮೇಲಿರುವ ಫ್ರೀಜರ್ ಆದರೆ ಮುಚ್ಚಳಕ್ಕೂ ಪೆಟ್ಟಿಗೆಗೂ ನಡುವೆ ಮರದ ಚೌಕಟ್ಟು ಕೂರಿಸಿ, ನಳ್ಳಿ ಅದಕ್ಕೆ. ಆದರೆ ಫ್ರೀಜರನ್ನು ಹೊತ್ತುಕೊಂಡು ಬಯಲಾಟಕ್ಕೆ ಹೋಗುತ್ತೀರಾ?

ಹಿತ್ತಾಳೆಯ ನಳ್ಳಿ ಮನೆಯಲ್ಲೇ ಇದೆ, ಹಾಕಲಾ? (ನೀರ್ಚಾಲು)

ಬೇಡ. ಪುನರ್ಪುಳಿಯ ಹುಳಿ, ಮೇಲಿಂದ ಗ್ಯಾಸಿನ ಹುಳಿ, ಎರಡೂ ಸೇರಿ ತಾಮ್ರ ಬಿಡಿಸುತ್ತವೆ. ಕುಡಿದವರು ವಾಂತಿ ಮಾಡುತ್ತಾರೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದು ತನ್ನಿ.

ಡ್ರೈ ಐಸ್ ತುಂಡು ಕೆಗ್ಗಿಗೆ ಹಾಕಿ ಮುಚ್ಚಿದರೆ ಸಿಲಿಂಡರೇ ಬೇಡವಂತೆ? (ಊರಿಲ್ಲ)

ಅದು ಬಾಂಬು. ಹೇಳಿದವನ ಮನೆಯಲ್ಲೇ ಮಾಡಿಸಿ ನೋಡಿ, ನೀವು ದೂರ ಇರಿ.

ಉಳಿದದ್ದನ್ನು ಕೆಗ್ಗಿನಲ್ಲೇ ಎಷ್ಟು ದಿನ ಇಡಬಹುದು? (ಮಂಜೇಶ್ವರ)

ಫ್ರಿಜ್‌ನಲ್ಲಿದ್ದರೂ ನಾನು ಮೂರನೇ ದಿನ ಚೆಲ್ಲುತ್ತೇನೆ. ಹೊರಗೆ ಸೆಕೆಯಲ್ಲಿ ಬಿಟ್ಟರೆ ಸಕ್ಕರೆ ಹುಳಿತು, ತನ್ನಷ್ಟಕ್ಕೇ ಗ್ಯಾಸ್ ಕಟ್ಟುತ್ತದೆ. ಆಮೇಲೆ ನೀವೂ ಆ ಉಪ್ಪಳದವರ ಸಾಲಿನಲ್ಲಿ ನಿಲ್ಲಬೇಕು. ಚೆಲ್ಲಿದ ದಿನವೇ ಪೈಪಿಗೆ ವಾಷಿಂಗ್ ಸೋಡಾ ಹಾಕಿದ ಬೆಚ್ಚನೆ ನೀರು ಬಿಟ್ಟು, ಆಮೇಲೆ ಬರೀ ನೀರು ಬಿಡಿ. ಬ್ಲೀಚಿಂಗ್ ಪೌಡರ್ ಬೇಡ, ಸ್ಟೀಲಿಗೆ ತೂತು ಬೀಳುತ್ತದೆ.